ಕನಿಕರದ ಚೆಂಡು ಬೇಡ

ಗಾಯಗೊಂಡು ಮೂಲೆ ಸೇರಿದ ಒಬ್ಬ ಆಟಗಾರ. ಅವನ ಬದುಕಿನಲ್ಲಿ ಬರುವ ಒಬ್ಬ ಹುಡುಗಿ. ಆಕೆಯ ಪ್ರೀತಿಯಿಂದ ಚೇತರಿಸಿಕೊಂಡು ಅವನು ಮತ್ತೆ ಮೈದಾನಕ್ಕಿಳಿಯುತ್ತಾನೆ, ಕಪ್ ಎತ್ತುತ್ತಾನೆ. ಇಂಥ ಕಾದಂಬರಿಗಳನ್ನು ನಾವೆಲ್ಲ ಓದಿದ್ದೇವೆ, ಸಿನಿಮಾಗಳನ್ನು ನೋಡಿದ್ದೇವೆ. ಅಲ್ಲಿ ಮನಸ್ಸಿನ ಗಾಯ ಮೂರು ಗಂಟೆಯೊಳಗೆ, ಕೆಲವೊಮ್ಮೆ ಒಂದೇ ಹಾಡಿನೊಳಗೆ ಮಾಯುತ್ತದೆ. ನಿಜ ಬದುಕಿನಲ್ಲಿ ಹಾಗೆಲ್ಲ ಆಗುವುದಿಲ್ಲ ಎಂದು ಈ ಕತೆಗಳನ್ನು ತಳ್ಳಿಹಾಕುವವರಿದ್ದಾರೆ. ನಾವು ಆ ಗುಂಪಿನವರಲ್ಲ. ಆಟ ಮತ್ತು ಪ್ರೀತಿ ಎರಡೂ ಸೇರಿ ಮುರಿದ ಮನಸ್ಸನ್ನು ಎತ್ತಿ ನಿಲ್ಲಿಸುವುದನ್ನು ನಾವು ಕಂಡಿದ್ದೇವೆ. ಅದು ಹೇಗೆ ಆಗುತ್ತದೆ ಎಂಬುದನ್ನು ಮಾತ್ರ ಸಿನಿಮಾದವರು ಸರಿಯಾಗಿ ಹೇಳುವುದಿಲ್ಲ.

ಇಲ್ಲಿ ‘ನಾವು’ ಎಂದರೆ ಗಂಡ ಮತ್ತು ಹೆಂಡತಿ. ಗಂಡನ ಊರು ಶಹಾಬಾದ್, ಹೆಂಡತಿಯ ತವರು ಸೇಡಂ, ಸಂಸಾರ ಹೂಡಿದ್ದು ವಾಡಿಯಲ್ಲಿ. ಇಬ್ಬರೂ ಕೂಡಿಯೇ ಇದನ್ನು ಬರೆಯುತ್ತಿದ್ದೇವೆ. ನಮ್ಮ ಕತೆಗಿಂತ ಮೊದಲು ನಮಗೆ ಧೈರ್ಯ ಕೊಟ್ಟ ಇನ್ನೊಬ್ಬರ ಕತೆ ಹೇಳಬೇಕು. ಅದು ದೊಡ್ಡವರ ಕತೆ, ನವಾಬರ ಕತೆ. ಆದರೂ ಅದರ ಒಂದು ಮುಖ್ಯ ಘಟನೆ ನಡೆದದ್ದು ನಮ್ಮ ರೈಲು ದಾರಿಯ ಕೊನೆಯಲ್ಲಿರುವ ಹೈದರಾಬಾದಿನಲ್ಲಿ.

1961ರ ಜುಲೈ 1ರಂದು ಇಂಗ್ಲೆಂಡಿನ ಹೋವ್ ಎಂಬಲ್ಲಿ ಒಂದು ಕಾರು ಅಪಘಾತವಾಯಿತು. ಅದರಲ್ಲಿದ್ದ ಇಪ್ಪತ್ತು ವರ್ಷದ ಯುವಕನ ಬಲಗಣ್ಣಿಗೆ ಗಾಜಿನ ಚೂರು ಹೊಕ್ಕಿತು. ಆತ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಕೆಟ್ ತಂಡದ ನಾಯಕ ಮನ್ಸೂರ್ ಅಲಿ ಖಾನ್ ಪಟೌಡಿ. ಹನ್ನೊಂದನೆಯ ಹುಟ್ಟುಹಬ್ಬದ ದಿನವೇ, 1952ರ ಜನವರಿ 5ರಂದು, ಪೋಲೋ ಆಡುತ್ತಿದ್ದ ತಂದೆಯನ್ನು ಕಳೆದುಕೊಂಡಿದ್ದ ಹುಡುಗ ಅವನು. ಈಗ ಕಣ್ಣೂ ಹೋಯಿತು. ಶಸ್ತ್ರಚಿಕಿತ್ಸೆಯಾದರೂ ಬಲಗಣ್ಣಿನ ದೃಷ್ಟಿ ಹೆಚ್ಚುಕಡಿಮೆ ಇಲ್ಲವಾಯಿತು. ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಲು ಹೋದರೆ ನೀರು ಮೇಜಿನ ಮೇಲೆ ಬೀಳುತ್ತಿತ್ತು. ಸಿಗರೇಟು ಹಚ್ಚಲು ಹೋದರೆ ಬೆಂಕಿ ಅದರ ತುದಿಗೆ ತಾಗುತ್ತಿರಲಿಲ್ಲ. ಇಂಥವನು ಗಂಟೆಗೆ ನೂರು ಕಿಲೋಮೀಟರಿಗಿಂತ ಹೆಚ್ಚಿನ ವೇಗದಲ್ಲಿ ಬರುವ ಚೆಂಡನ್ನು ಹೊಡೆಯುವುದೆಂದರೇನು?

ಅದೇ ವರ್ಷದ ಕೊನೆಗೆ ಇಂಗ್ಲೆಂಡಿನ ತಂಡ ಭಾರತಕ್ಕೆ ಬಂತು. ಹೈದರಾಬಾದಿನಲ್ಲಿ ಅವರ ವಿರುದ್ಧ ಆಡಲು ಪಟೌಡಿಗೆ ಕರೆ ಬಂತು. ಕಣ್ಣಿಗೆ ಲೆನ್ಸ್ ಹಾಕಿಕೊಂಡು ಬ್ಯಾಟಿಂಗಿಗೆ ಹೋದರೆ ಒಂದರ ಪಕ್ಕ ಒಂದು, ಎರಡು ಚೆಂಡುಗಳು ಕಾಣುತ್ತಿದ್ದವು. ಒಳಗಿನದನ್ನು ಆರಿಸಿಕೊಂಡು ಹೊಡೆಯುತ್ತಾ ಹೋದರು. ವಿರಾಮದ ನಂತರ ಲೆನ್ಸ್ ತೆಗೆದು, ಆ ಕಣ್ಣನ್ನೇ ಮುಚ್ಚಿಕೊಂಡು ಆಡಿದರು. 70 ರನ್ ಬಂತು. ಡಿಸೆಂಬರಿನಲ್ಲಿ ದೆಹಲಿಯಲ್ಲಿ ಮೊದಲ ಟೆಸ್ಟ್, 1962ರ ಜನವರಿಯಲ್ಲಿ ಮದ್ರಾಸಿನಲ್ಲಿ 103 ರನ್. ಮಾರ್ಚ್‌ನಲ್ಲಿ ವೆಸ್ಟ್ ಇಂಡೀಸಿನ ಬಾರ್ಬಡೋಸ್‌ನಲ್ಲಿ ನಾಯಕ ನಾರಿ ಕಾಂಟ್ರಾಕ್ಟರ್ ತಲೆಗೆ ಚೆಂಡು ಬಡಿದು ಪ್ರಾಣಾಪಾಯಕ್ಕೆ ಸಿಕ್ಕಾಗ, 21 ವರ್ಷದ ಪಟೌಡಿ ಭಾರತ ತಂಡದ ನಾಯಕನಾದರು. ಅವರು ಆಡಿದ್ದು 46 ಟೆಸ್ಟ್, ಅದರಲ್ಲಿ 40 ನಾಯಕನಾಗಿ. ಶತಕ ಆರು. ಒಂದೇ ಕಣ್ಣಿನಿಂದ ಟೆಸ್ಟ್ ಆಡಬಲ್ಲೆ ಎಂದು ನಿಮಗೆ ಯಾವಾಗ ಅನ್ನಿಸಿತು ಎಂದು ಕೇಳಿದವರಿಗೆ, ಇಂಗ್ಲಿಷರ ಬೌಲಿಂಗ್ ನೋಡಿದಾಗ ಎಂದು ಉತ್ತರಿಸಿದರೆಂಬುದು ಕ್ರಿಕೆಟ್ ಪ್ರಿಯರಿಗೆಲ್ಲ ಗೊತ್ತಿರುವ ಮಾತು.

1968ರ ಡಿಸೆಂಬರ್ 27ರಂದು ಅವರು ಶರ್ಮಿಳಾ ಟ್ಯಾಗೋರ್ ಅವರನ್ನು ಮದುವೆಯಾದರು. ಆಕೆ ಬಂಗಾಳದವರು, ಹೆಸರಾಂತ ನಟಿ. ಈ ಮದುವೆ ಒಂದು ವರ್ಷವೂ ಬಾಳುವುದಿಲ್ಲ ಎಂದವರಿದ್ದರು. 2011ರ ಸೆಪ್ಟೆಂಬರ್ 22ರಂದು ಪಟೌಡಿ ತೀರಿಕೊಳ್ಳುವವರೆಗೂ ಅದು ಬಾಳಿತು. ನಾವು ಓದುಗರ ಗಮನ ಸೆಳೆಯಬೇಕೆಂದಿರುವುದು ಇದರ ಅನುಕ್ರಮದ ಕಡೆಗೆ. ಕಣ್ಣು ಹೋದದ್ದು 1961ರಲ್ಲಿ, ಮದುವೆ 1968ರಲ್ಲಿ. ಅಷ್ಟರಲ್ಲಿ ಪಟೌಡಿ ಆರು ವರ್ಷ ದೇಶದ ತಂಡವನ್ನು ನಡೆಸಿದ್ದರು. ಅಂದರೆ ಅವರ ಆತ್ಮವಿಶ್ವಾಸವನ್ನು ಮೊದಲು ಮರಳಿಸಿದವರು ಎದುರಾಳಿ ಬೌಲರುಗಳು. ಯಾರೂ ಅವರ ಕಣ್ಣು ನೋಡಿ ಚೆಂಡಿನ ವೇಗ ತಗ್ಗಿಸಲಿಲ್ಲ. ಆಮೇಲೆ ಬಂದ ಪ್ರೀತಿಯೂ ಕನಿಕರದ ಪ್ರೀತಿಯಾಗಿರಲಿಲ್ಲ.

ಈಗ ನಮ್ಮ ಊರುಗಳಿಗೆ ಬರೋಣ. ಶಹಾಬಾದ್ ಎಂದರೆ ಕಲ್ಲು. ಅಲ್ಲಿಯ ಫರಸಿ ಕಲ್ಲನ್ನು ಮನೆಯ ನೆಲಕ್ಕೆ, ಅಂಗಳಕ್ಕೆ, ರೈಲು ನಿಲ್ದಾಣಕ್ಕೆ ಹಾಸಿರುವುದನ್ನು ನೋಡದವರು ಕಡಿಮೆ. ನೆಲದೊಳಗೆ ಪದರ ಪದರವಾಗಿ ಮಲಗಿರುವ ಸುಣ್ಣದ ಕಲ್ಲಿನ ಚಪ್ಪಡಿಯನ್ನು ಉಳಿ, ಸುತ್ತಿಗೆ, ಹಾರೆಗಳಿಂದ ಎಬ್ಬಿಸಿ, ಅಂಚು ಕತ್ತರಿಸಿ, ಪಾಲಿಶ್ ಮಾಡಿ ಲಾರಿಗೆ ಹೇರುತ್ತಾರೆ. ಇದೇ ಸುಣ್ಣದ ಕಲ್ಲಿನಿಂದ ವಾಡಿ, ಸೇಡಂ, ಮಳಖೇಡಗಳಲ್ಲಿ ಸಿಮೆಂಟ್ ತಯಾರಾಗುತ್ತದೆ. ಈ ಕಲ್ಲು ಸಾವಿರಾರು ಮನೆಗಳಿಗೆ ಅನ್ನ ಕೊಟ್ಟಿದೆ. ಬೆರಳು, ಪುಪ್ಪುಸ, ಕಣ್ಣುಗಳನ್ನು ತೆಗೆದುಕೊಂಡೂ ಇದೆ.

1999ರ ಬೇಸಿಗೆಯಲ್ಲಿ ಗಂಡನ ಬಲಗಣ್ಣಿಗೆ ಕಲ್ಲಿನ ಚಕ್ಕೆ ಹಾರಿ ಬಡಿಯಿತು. ಆಗ ಇಪ್ಪತ್ತು ವರ್ಷ. ಕೆಲಸ ಮಾಡುತ್ತಿದ್ದ ಕಲ್ಲಿನ ಅಂಗಳದಲ್ಲಿ ಯಾರಿಗೂ ಕನ್ನಡಕ ಕೊಡುತ್ತಿರಲಿಲ್ಲ. ನೂರು ರೂಪಾಯಿಯ ಒಂದು ಪ್ಲಾಸ್ಟಿಕ್ ಕನ್ನಡಕ ಆ ಕಣ್ಣನ್ನು ಉಳಿಸುತ್ತಿತ್ತು. ಹೈದರಾಬಾದಿಗೆ ಕರೆದೊಯ್ದರು. ಗಾಯ ಮಾಯಿತು, ಬೆಳಕು ಬರಲಿಲ್ಲ. ಅಬ್ಬಾ ಮರಳಿ ಬರುವಾಗ ರೈಲಿನಲ್ಲಿ ಪಟೌಡಿಯ ಕತೆ ಹೇಳಿದರು. ನಮ್ಮ ಕಡೆಯ ಹಿರಿಯರಿಗೆ ಪಟೌಡಿ ಎಂದರೆ ಮನೆಯವರಿದ್ದಂತೆ. 1956ರವರೆಗೆ ಗುಲ್ಬರ್ಗ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ಪಟೌಡಿ ಜಯಸಿಂಹರ ನಾಯಕತ್ವದಲ್ಲಿ ಹೈದರಾಬಾದ್ ತಂಡಕ್ಕೆ ರಣಜಿ ಆಡಿದವರು. ಆದರೆ ಆ ದಿನ ಮಗನಿಗೆ ಆ ಕತೆ ಸಮಾಧಾನ ಕೊಡಲಿಲ್ಲ. ಅವರು ನವಾಬರು, ನಾವು ಕಲ್ಲು ಒಡೆಯುವವರು ಎಂದು ಕಿಟಕಿಯ ಕಡೆ ಮುಖ ತಿರುಗಿಸಿದ್ದಾಯಿತು.

ಎರಡು ಕಣ್ಣುಗಳು ಒಂದೇ ವಸ್ತುವಿನ ಎರಡು ಚಿತ್ರಗಳನ್ನು ತುಸು ಬೇರೆ ಬೇರೆ ಕೋನದಿಂದ ತೆಗೆದು ಮಿದುಳಿಗೆ ಕಳುಹಿಸುತ್ತವೆ. ಆ ವ್ಯತ್ಯಾಸದಿಂದಲೇ ಹತ್ತಿರದ ವಸ್ತು ಎಷ್ಟು ದೂರದಲ್ಲಿದೆ ಎಂಬುದು ತಟ್ಟನೆ ತಿಳಿಯುತ್ತದೆ. ಒಂದು ಕಣ್ಣು ಹೋದರೆ ಈ ಅಳತೆಗೋಲು ಹೋಗುತ್ತದೆ. ಚಹಾ ಕಪ್ಪಿನ ಹೊರಗೆ ಬೀಳುತ್ತದೆ, ಮೆಟ್ಟಿಲು ತಪ್ಪುತ್ತದೆ, ಆ ಬದಿಯಿಂದ ಬಂದವರು ಕಾಣದೆ ಡಿಕ್ಕಿ ಹೊಡೆಯುತ್ತಾರೆ. ಇವೆಲ್ಲ ಕಾಲಕ್ರಮೇಣ ಅಭ್ಯಾಸವಾಗುತ್ತವೆ. ಅಭ್ಯಾಸವಾಗದೆ ಉಳಿದದ್ದು ಜನರ ಮಾತು. ನಮ್ಮ ದಖನಿಯಲ್ಲಿ ಒಕ್ಕಣ್ಣನಿಗೆ ‘ಕಾನಾ’ ಎನ್ನುತ್ತಾರೆ. ಓಣಿಯ ತಂಡದಲ್ಲಿ ಮೊದಲ ಓವರ್ ಹಾಕುತ್ತಿದ್ದ ಹುಡುಗನ ಹೆಸರು ಹೋಗಿ ಕಾನಾ ಎಂಬುದು ಉಳಿಯಿತು. ಮೈದಾನಕ್ಕೆ ಹೋಗುವುದು ನಿಂತಿತು. ಮದುವೆ ಮನೆಗಳಲ್ಲಿ ಬಲಗಡೆ ಗೋಡೆ ಇರುವ ಜಾಗವನ್ನೇ ಹುಡುಕಿ ಕೂರುವುದು, ರಾತ್ರಿಯೂ ಕರಿ ಕನ್ನಡಕ ಹಾಕುವುದು, ಫೋಟೋ ತೆಗೆಯುವಾಗ ಎದ್ದು ಹೋಗುವುದು ರೂಢಿಯಾಯಿತು. ಅಂಗವಿಕಲರ ಪ್ರಮಾಣಪತ್ರವೂ ನೆರವಿಗೆ ಬರಲಿಲ್ಲ. ಇಂದಿಗೂ ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಸರ್ಕಾರದ ಮಾನದಂಡದಲ್ಲಿ ಅದು ಶೇ. 30 ಅಂಗವೈಕಲ್ಯ. ಮೀಸಲಾತಿ ಮುಂತಾದ ಸೌಲಭ್ಯಕ್ಕೆ ಶೇ. 40 ಇರಬೇಕು. ಸರ್ಕಾರದ ಲೆಕ್ಕದಲ್ಲಿ ಅಂಗವಿಕಲನಲ್ಲ, ಓಣಿಯ ಲೆಕ್ಕದಲ್ಲಿ ಕಾನಾ.

ಅತ್ತ ಸೇಡಂನಲ್ಲಿ ಹೆಂಡತಿಯ ಗಾಯ ಬೇರೆ ಬಗೆಯದು. ಶಾಲೆಯಲ್ಲಿ ಖೋ-ಖೋ ಮತ್ತು ಥ್ರೋಬಾಲ್ ಆಡಿ ತಾಲ್ಲೂಕು ಮಟ್ಟದವರೆಗೆ ಹೋಗಿದ್ದ ಹುಡುಗಿಯನ್ನು ಒಂಬತ್ತನೆಯ ತರಗತಿಗೆ ಆಟ ಬಿಡಿಸಿದರು. ಆಮೇಲೆ ಮಂಗ್ನಿಯಾಯಿತು. ಗಂಡಿನ ಕಡೆಯವರು ಕೇಳಿದ ‘ಜೋಡೆ ಕೀ ರಕಂ’ ಹೊಂದಿಸಲಾಗದೆ ಮುರಿಯಿತು. ಹಣದ ಮಾತನ್ನು ಮುಚ್ಚಿಟ್ಟು, ಹುಡುಗಿಯ ಬಣ್ಣ ಕಪ್ಪು ಎಂದು ಊರಲ್ಲಿ ಹೇಳಿದರು. ನಂತರ ನೋಡಲು ಬಂದವರೆಲ್ಲ ಚಹಾ ಕುಡಿದು ಹೋದರು. ಪ್ರತಿ ಸಲ ಚಹಾದ ತಟ್ಟೆ ಹಿಡಿದು ಹೊರಬರುವಾಗ ಒಬ್ಬ ಹೆಣ್ಣುಮಗಳ ಒಳಗೆ ಏನು ಕುಸಿಯುತ್ತದೆ ಎಂಬುದನ್ನು ಅನುಭವಿಸಿದವರೇ ಬಲ್ಲರು. ಕಣ್ಣಿಗೆ ಬಡಿದ ಕಲ್ಲು ಎಲ್ಲರಿಗೂ ಕಾಣುತ್ತದೆ, ಇದು ಕಾಣುವುದಿಲ್ಲ.

2003ರಲ್ಲಿ ನಮ್ಮ ರಿಷ್ತಾ ಕೂಡಿ ಬಂತು. ಗಂಡಿನ ಕಡೆಯವರು ಕಣ್ಣಿನ ವಿಷಯ ಮುಚ್ಚಿಡಲಿಲ್ಲ, ರಕಂ ಕೇಳಲಿಲ್ಲ. ಹುಡುಗಿಗೆ ಏನಾದರೂ ಕೇಳುವುದಿದೆಯೇ ಎಂದಾಗ ಭಾಬಿಯ ಮೂಲಕ ಒಂದೇ ಪ್ರಶ್ನೆ ಬಂತು: ‘ಈಗಲೂ ಕ್ರಿಕೆಟ್ ಆಡ್ತಾರಾ?’ ನಾಲ್ಕು ವರ್ಷದಲ್ಲಿ ಕಣ್ಣಿನ ಬಗ್ಗೆ ಕೇಳದೆ ಆಟದ ಬಗ್ಗೆ ಕೇಳಿದ ಮೊದಲ ವ್ಯಕ್ತಿ ಆಕೆ. ಇಲ್ಲ ಎಂದು ಉತ್ತರ ಹೋಯಿತು. ಯಾಕೆ ಎಂದು ಮರುಪ್ರಶ್ನೆ ಬಂತು. ಅದಕ್ಕೆ ಉತ್ತರ ಹೋಗಲಿಲ್ಲ. ನಿಕಾಹ್ ಆಯಿತು.

ವಾಡಿಯಲ್ಲಿ ಲಾರಿ ಆಫೀಸಿನ ಗುಮಾಸ್ತಿಕೆ, ಒಂದು ಬಾಡಿಗೆ ಮನೆ, ಮೇಲೆ ಮಾಳಿಗೆ. ವಾಡಿಯ ಬಿಸಿಲು ಗೊತ್ತಿದ್ದವರಿಗೆ ಸಂಜೆಯ ಮಾಳಿಗೆಯ ಬೆಲೆಯೂ ಗೊತ್ತು. ಮದುವೆಯಾದ ಎರಡನೆಯ ತಿಂಗಳು ಹೆಂಡತಿ ಒಂದು ಟೆನಿಸ್ ಚೆಂಡು ತರಿಸಿ ಮಾಳಿಗೆಗೆ ಹತ್ತಿದಳು. ನಾಲ್ಕು ಜನ ಅಣ್ಣತಮ್ಮಂದಿರ ನಡುವೆ ಬೆಳೆದವಳಿಗೆ ಮೆಲ್ಲಗೆ ಎಸೆಯುವುದು ಗೊತ್ತೇ ಇರಲಿಲ್ಲ. ಮೊದಲ ಚೆಂಡು ಎದೆಗೆ ಬಡಿಯಿತು, ಎರಡನೆಯದು ಕೈತಪ್ಪಿ ಪಕ್ಕದ ಮನೆಯ ಅಂಗಳಕ್ಕೆ ಬಿತ್ತು. ಮೂರನೆಯದನ್ನು ಎಸೆಯುವ ಮುಂಚೆ ‘ಸುನೋ ಜೀ, ತಯಾರಾ?’ ಎಂದು ಕೇಳಿದಳು. ವೇಗ ಮಾತ್ರ ಅಷ್ಟೇ.

ದಿನಾ ಸಂಜೆ ಐವತ್ತು ಚೆಂಡು. ಹಿಡಿದದ್ದಕ್ಕೆ ಇದ್ದಿಲಿನಿಂದ ಗೋಡೆಯ ಮೇಲೆ ಒಂದು ಗೆರೆ. ಮೊದಲ ವಾರ ಹತ್ತು ಗೆರೆ ದಾಟಲಿಲ್ಲ. ಪುಟಿದು ಬರುವ ಚೆಂಡು ಸಿಗುತ್ತದೆ, ನೇರ ಮುಖಕ್ಕೆ ಬರುವುದು ಸಿಗುವುದಿಲ್ಲ ಎಂಬುದು ನಿಧಾನಕ್ಕೆ ತಿಳಿಯಿತು. ತಲೆಯನ್ನು ತುಸು ಆಚೀಚೆ ಆಡಿಸಿದರೆ ದೂರದ ಅಂದಾಜು ಸಿಗುತ್ತದೆ ಎಂಬುದೂ ತಿಳಿಯಿತು. ಒಂದೇ ಕಣ್ಣಿನವರಿಗೆ ಮಿದುಳು ಹೀಗೆ ಬೇರೆ ಅಳತೆಗಳನ್ನು ಕಲಿಸುತ್ತದೆ: ಚೆಂಡು ದೊಡ್ಡದಾಗುತ್ತಾ ಬರುವ ಪರಿ, ಅದರ ನೆರಳು, ನಮ್ಮದೇ ತಲೆಯ ಚಲನೆ. ಪಟೌಡಿ ಟೋಪಿಯನ್ನು ಬಲಗಣ್ಣಿನ ಮೇಲೆ ಎಳೆದುಕೊಂಡು ಆಡುತ್ತಿದ್ದುದು ಯಾಕೆಂದು ನಮಗೆ ಅರ್ಥವಾದದ್ದು ಆಗ. ಕಾಣದ ಕಣ್ಣಿನ ಮಂಜು ಕಾಣುವ ಕಣ್ಣಿನ ಕೆಲಸ ಕೆಡಿಸಬಾರದು. ನಮ್ಮ ಮಾಳಿಗೆಯ ಮೇಲೆ ಕರಿ ಕನ್ನಡಕ ಹೋಗಿ ಟೋಪಿ ಬಂತು.

ಆಕ್ಷೇಪಗಳು ಬರದೇ ಇರಲಿಲ್ಲ. ಸೊಸೆ ಮಾಳಿಗೆಯ ಮೇಲೆ ಚೆಂಡು ಎಸೆಯುತ್ತಾಳೆ, ಇದೇನು ನಾಚಿಕೆಗೇಡು ಎಂದು ನೆರೆಯವರು ಅಮ್ಮಿಯ ಕಿವಿಗೆ ಹಾಕಿದರು. ಅಮ್ಮಿ ಏನೂ ಹೇಳಲಿಲ್ಲ. ಮರುದಿನ ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ತಾವೂ ಮೇಲೆ ಬಂದು ಕೂತರು. ಬೇಳೆಯೊಳಗಿನ ಕಲ್ಲು ಆರಿಸುತ್ತಾ ‘ದುಲ್ಹನ್, ಆಜ್ ಕಿತ್ತೇ?’ ಎಂದು ಲೆಕ್ಕ ಕೇಳುವುದು ಅವರ ಕೆಲಸವಾಯಿತು. ಗೆರೆಗಳು ನಲವತ್ತು ದಾಟಿದ ದಿನ ಆ ಮೊರದ ಬೇಳೆಯಲ್ಲೇ ಖಟ್ಟಿ ದಾಲ್ ಮಾಡಿ ಬಡಿಸಿದರು. ಅಷ್ಟರಲ್ಲಿ ಒಂದೂವರೆ ವರ್ಷ ಕಳೆದಿತ್ತು. ಆ ಸಂಜೆಗಳಲ್ಲಿ ನಾವು ಆಡಿದ ಮಾತು ಕಡಿಮೆ. ನೀವು ಧೈರ್ಯವಂತರು, ನೀನು ಚಂದ ಇದ್ದೀ ಎಂದು ಒಬ್ಬರಿಗೊಬ್ಬರು ಹೇಳಿಕೊಂಡ ನೆನಪಿಲ್ಲ. ಆದರೆ ಕನ್ನಡಿ ನೋಡುವುದನ್ನು ಬಿಟ್ಟಿದ್ದ ಇಬ್ಬರೂ ಮತ್ತೆ ನೋಡತೊಡಗಿದ್ದೆವು.

2005ರಲ್ಲಿ ಚಿತ್ತಾಪುರದಲ್ಲಿ ಟೆನಿಸ್ ಬಾಲ್ ಪಂದ್ಯಾವಳಿ ನಡೆಯಿತು. ಲಾರಿ ಆಫೀಸಿನವರ ತಂಡಕ್ಕೆ ಒಬ್ಬರು ಕಡಿಮೆಯಾಗಿ ಗಂಡನಿಗೆ ಅವಕಾಶ ಸಿಕ್ಕಿತು. ಆರನೆಯವನಾಗಿ ಬ್ಯಾಟ್ ಹಿಡಿದು ಹೋದಾಗ ಯಾರೋ ಬೌಲರನ ಕಿವಿಯಲ್ಲಿ ಏನೋ ಹೇಳಿದರು. ಅಲ್ಲಿಯವರೆಗೆ ಓಡಿ ಬಂದು ಹಾಕುತ್ತಿದ್ದ ಹುಡುಗ ನಾಲ್ಕು ಹೆಜ್ಜೆ ನಡೆದು ಬಂದು ಮೆಲ್ಲಗೆ ಒಂದು ಚೆಂಡು ಬಿಟ್ಟ. ಅದನ್ನು ಹೊಡೆದಿದ್ದರೆ ಬೌಂಡರಿ ಹೋಗುತ್ತಿತ್ತು. ಗಂಡ ಅದನ್ನು ಮುಟ್ಟದೆ ಬಿಟ್ಟು, ಪಿಚ್ ದಾಟಿ ಬೌಲರನ ಹತ್ತಿರ ಹೋದ.

‘ತಮ್ಮಾ, ಎಲ್ಲರಿಗಿ ಹ್ಯಾಂಗ ಒಗಿತಿ, ನನಗೂ ಹಂಗೇ ಒಗಿ.’

‘ಆಯ್ತ್ರಿ ಅಣ್ಣಾ’ ಎಂದ ಹುಡುಗ. ಮುಂದಿನ ಚೆಂಡು ಬಿರುಸಾಗಿ ಬಂತು. ಎರಡು ರನ್. ಅದರ ಮುಂದಿನದಕ್ಕೆ ನಾಲ್ಕು. ಆಮೇಲಿನದು ಮಧ್ಯದ ಸ್ಟಂಪ್ ಹಾರಿಸಿತು. ಹುಡುಗ ಕೈ ಎತ್ತಿ ಕುಣಿದ, ಅವನ ತಂಡದವರು ಅವನನ್ನು ಹೊತ್ತುಕೊಂಡರು. ಒಬ್ಬ ‘ಕಾನಾ’ನನ್ನು ಔಟ್ ಮಾಡಿ ಯಾರಾದರೂ ಅಷ್ಟು ಸಂಭ್ರಮಿಸುವುದುಂಟೇ? ಅವರು ಸಂಭ್ರಮಿಸಿದ್ದು ಒಬ್ಬ ಬ್ಯಾಟ್ಸ್‌ಮನ್‌ನನ್ನು ಔಟ್ ಮಾಡಿದ್ದಕ್ಕೆ. ಆ ರಾತ್ರಿ ಮನೆಗೆ ಬಂದು ಬಾಗಿಲಲ್ಲೇ ಹೇಳಿದ ಮಾತು ‘ನನ್ನನ್ನು ಔಟ್ ಮಾಡಿದರು!’ ಎಂಬುದು. ಆರು ರನ್ನಿನ ಮಾತು ಬಂದದ್ದು ಊಟವಾದ ಮೇಲೆ.

ಹಾಗಾದರೆ ಪ್ರೀತಿಯೇ ಔಷಧಿ ಎಂದು ಹೇಳಿ ಮುಗಿಸಬಹುದೇ? ಇಲ್ಲಿ ಸ್ವಲ್ಪ ಎಚ್ಚರ ಬೇಕು. ಅಮೆರಿಕದ ಹೆರಾಲ್ಡ್ ಕೊನೊಲಿ ಎಂಬಾತನ ಎಡಗೈ ಹುಟ್ಟುವಾಗಲೇ ಪೆಟ್ಟು ತಿಂದು ಗಿಡ್ಡವಾಗಿ, ದುರ್ಬಲವಾಗಿ ಉಳಿದಿತ್ತು. ಕಾಲೇಜಿನಲ್ಲಿ ಹ್ಯಾಮರ್ ಎಸೆಯುವವರಿಗೆ ಹ್ಯಾಮರ್ ಹೆಕ್ಕಿಕೊಡುತ್ತಿದ್ದವನು ಅದನ್ನು ತಿರುಗಿ ಎಸೆಯುತ್ತಾ ಎಸೆಯುತ್ತಾ ಅವರಿಗಿಂತ ದೂರ ಎಸೆಯತೊಡಗಿದ. 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ. ಅಲ್ಲೇ ಡಿಸ್ಕಸ್ ಚಿನ್ನ ಗೆದ್ದ ಚೆಕೊಸ್ಲೊವಾಕಿಯಾದ ಓಲ್ಗಾ ಫಿಕೊಟೊವಾಳನ್ನು ಪ್ರೀತಿಸಿದ. ಅಮೆರಿಕ ಮತ್ತು ಕಮ್ಯುನಿಸ್ಟ್ ದೇಶಗಳ ಹಗೆಯ ಕಾಲ ಅದು. ಆದರೂ 1957ರಲ್ಲಿ ಪ್ರಾಗ್ ನಗರದಲ್ಲಿ ಅವರ ಮದುವೆಯಾಯಿತು. ಜಗತ್ತು ಅದನ್ನು ಅಮರ ಪ್ರೇಮ ಎಂದು ಹೊಗಳಿತು. 1970ರ ದಶಕದಲ್ಲಿ ಅವರು ಬೇರೆಯಾದರು. ಮದುವೆ ಮುರಿದರೂ ಕೊನೊಲಿಯ ಗಿಡ್ಡ ಕೈ ಗಳಿಸಿದ್ದ ಗೌರವ ಮುರಿಯಲಿಲ್ಲ. ಅದು ಅವನದೇ ಸಂಪಾದನೆ. ಇನ್ನೊಬ್ಬರ ಪ್ರೀತಿಗೆ ನೇತುಹಾಕಿದ ಆತ್ಮಗೌರವ ಆ ಪ್ರೀತಿ ಕದಲಿದಾಗ ಕೆಳಗೆ ಬೀಳುತ್ತದೆ. ಒಳ್ಳೆಯ ಪ್ರೀತಿ ಮಾಡುವ ಕೆಲಸ ಚೆಂಡನ್ನು ಎಸೆಯುವುದು. ಹಿಡಿಯುವ ಕೆಲಸ ನಮ್ಮದೇ.

2008ರಲ್ಲಿ ಹೆಂಡತಿಗೆ ಶಿಕ್ಷಕಿಯ ಕೆಲಸ ಸಿಕ್ಕಿ ನಾವು ಚಿಂಚೋಳಿ ಕಡೆಗೆ ಬಂದೆವು. ರೈಲಿಲ್ಲದ, ಕಾಡು ಇರುವ ತಾಲ್ಲೂಕು ಅದು. ಅಲ್ಲಿನ ಒಂದು ಶಾಲೆಯಲ್ಲಿ ಸೀಮೆಎಣ್ಣೆ ಒಲೆಯಿಂದ ಕುತ್ತಿಗೆ, ಗಲ್ಲ ಸುಟ್ಟಿದ್ದ ಒಬ್ಬ ಹುಡುಗಿಯಿದ್ದಳು. ತಲೆ ಎತ್ತಿ ಮಾತಾಡುತ್ತಿರಲಿಲ್ಲ. ಆಟದ ಪಿರಿಯಡ್‌ನಲ್ಲಿ ಅವಳಿಗೆ ನೆರಳಲ್ಲಿ ಕೂರಲು ಹೇಳುವುದು ರೂಢಿಯಾಗಿತ್ತು. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಹಾಗೆ ಮಾಡುತ್ತಿದ್ದರು. ಹೆಂಡತಿ ಅವಳನ್ನು ಖೋ-ಖೋ ಸಾಲಿನಲ್ಲಿ ಕೂರಿಸಿದಳು. ಈ ಆಟದಲ್ಲಿ ಎಂಟು ಮಂದಿ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಕೂರುತ್ತಾರೆ. ಅಟ್ಟಿಸಿಕೊಂಡು ಬರುವವಳು ಬೆನ್ನು ಮುಟ್ಟಿ ‘ಖೋ’ ಎಂದರೆ ಎದ್ದು ಓಡಲೇಬೇಕು. ಮುಖ ಹೇಗಿದೆ ಎಂದು ಯಾರೂ ನೋಡುವುದಿಲ್ಲ, ಕಾಲು ಎಷ್ಟು ಚುರುಕು ಎಂದು ನೋಡುತ್ತಾರೆ. ಆ ಹುಡುಗಿಯ ಕಾಲು ಬಹಳ ಚುರುಕಾಗಿತ್ತು. ಎರಡು ತಿಂಗಳಲ್ಲಿ ಉಳಿದ ಹುಡುಗಿಯರು ಅವಳನ್ನು ತಮ್ಮ ತಮ್ಮ ತಂಡಕ್ಕೆ ಕರೆಯಲು ಜಗಳವಾಡತೊಡಗಿದರು. ಆ ಜಗಳ ಕೇಳುತ್ತಾ ನಿಂತ ಅವಳ ಮುಖದಲ್ಲಿ ಮೂಡಿದ ನಗುವನ್ನು ಯಾವ ಸಾಂತ್ವನದ ಮಾತೂ ತರಲಾರದು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ನಡೆದು ಭಾರತದ ಮಹಿಳೆಯರು ಗೆದ್ದಾಗ, ಆ ತಂಡದಲ್ಲಿ ಮೈಸೂರು ಜಿಲ್ಲೆಯ ಬಿ. ಚೈತ್ರಾ ಇದ್ದರು. ಆ ಸುದ್ದಿ ಓದಿದಾಗ ನಮಗೆ ಚಿಂಚೋಳಿಯ ಆ ಜಗಳವೇ ನೆನಪಾಯಿತು.

ಹಾಸನ ಜಿಲ್ಲೆಯ ಗಿರೀಶ ಅವರು ಕಾಲಿನ ಊನದೊಂದಿಗೆ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿ ತಂದಾಗ ನಾಡೆಲ್ಲ ಚಪ್ಪಾಳೆ ತಟ್ಟಿತು. ತಟ್ಟಬೇಕಾದದ್ದೇ. ಆದರೆ ಪದಕ ಗೆಲ್ಲುವವರು ನಾಲ್ಕು ಜನ. ಕಲ್ಲಿನ ಅಂಗಳದಲ್ಲಿ, ಸಿಮೆಂಟಿನ ದೂಳಿನಲ್ಲಿ, ಅಡುಗೆಮನೆಯ ಬೆಂಕಿಯಲ್ಲಿ, ಮುರಿದ ಮಂಗ್ನಿಗಳಲ್ಲಿ ಗಾಯಗೊಂಡು ಮನೆಯೊಳಗೆ ಉಳಿದವರು ಸಾವಿರ. ಅವರಿಗೆ ಚಪ್ಪಾಳೆ ಬೇಕಿಲ್ಲ. ಅವರ ಎದುರು ನಿಂತು ಸರಿಯಾಗಿ ಆಡುವ ಒಬ್ಬರು ಬೇಕು.

ಓದುಗರೇ, ನಿಮ್ಮ ಓಣಿಯಲ್ಲೂ ಹಿಂದೆ ಆಡಲು ಬರುತ್ತಿದ್ದು ಈಗ ಬಾರದ ಒಬ್ಬರು ಇದ್ದೇ ಇರುತ್ತಾರೆ. ಅವರ ಮನೆಗೆ ಹೋಗಿ, ಹೆಸರು ಹಿಡಿದು ಕರೆಯಿರಿ. ಅಡ್ಡಹೆಸರು ಬೇಡ. ಅವರು ಒಂದೆರಡು ಸಲ ಬರುವುದಿಲ್ಲ ಎನ್ನಬಹುದು, ಮೂರನೆಯ ಸಲವೂ ಹೋಗಿ. ಬಂದ ಮೇಲೆ ಅವರಿಗಾಗಿ ಆಟದ ನಿಯಮ ಸಡಿಲಿಸಬೇಡಿ, ಚೆಂಡಿನ ವೇಗ ತಗ್ಗಿಸಬೇಡಿ. ಔಟಾದರೆ ಔಟ್ ಎಂದೇ ಕೂಗಿ. ಮರುದಿನ ಮತ್ತೆ ಕರೆಯಲು ಮಾತ್ರ ಮರೆಯಬೇಡಿ.